ನಡುವಿನ ಹಲಗೆ

ಈ ಊರಿಗೆ ಬಂದ ಮೇಲೆ ಐದು ವರ್ಷ ನಾನು ಜೋಡಣೆಯನ್ನು ಹಗ್ಗದ ಆಚೆ ನಿಂತು ನೋಡಿದವಳು. ಆರನೆಯ ವರ್ಷ ನನ್ನದೇ ಒಂದು ಹಲಗೆ ಮಾಡಿಕೊಂಡು ಹೋದೆ. ಆ ಮೂರು ದಿನ ಏನಾಯಿತು ಎಂಬುದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ನಮ್ಮ ಊರಿಗೆ ದೊಡ್ಡ ರೈಲು ಬಂದಿಲ್ಲ, ಬರುವ ಸುದ್ದಿಯೂ ಇಲ್ಲ. ಆದರೆ ಒಲೆಗೊಂದು ಹಲಗೆ ಇದೆ. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಸೊಂಟದೆತ್ತರಕ್ಕೆ ಬರುವ ನಾಲ್ಕು ಕಾಲು. ಮುಂದಿನ ಅಂಚಿನಿಂದ ಒಂಬತ್ತು ಬೆರಳು ಒಳಗೆ ಪುಟ್ಟ ಕಂಬಿಗಳು, ಎರಡೂ ಕೊನೆಯಲ್ಲಿ ಅರ್ಧ ಗೇಣು ಬಿಟ್ಟು, ಈ ತುದಿಯಿಂದ ಆ ತುದಿಗೆ ಹೋಗಬೇಕು. ಉಳಿದ ಜಾಗದಲ್ಲಿ ಮನೆಯವರು ತಮಗೆ ಬೇಕಾದ್ದನ್ನು ಕಟ್ಟಿಕೊಳ್ಳಬಹುದು: ಗುಡ್ಡ, ಕೆರೆ, ಬೀದಿ, ಸಂತೆ, ಏನು ಬೇಕಾದರೂ. ಬಿಸಿಲು ಬಲಿಯುವ ಮುಂಚೆ ಮೂರು ದಿನ ಎಲ್ಲ ಹಲಗೆಗಳೂ ಹಳೆಯ ಹತ್ತಿ ಗೋಡೌನಿಗೆ ಬರುತ್ತವೆ. ಪಕ್ಕಪಕ್ಕದಲ್ಲಿ ನಿಲ್ಲಿಸಿ, ಬೋಲ್ಟು ಬಿಗಿದು, ಎರಡು ಹಲಗೆಗಳ ಕಂಬಿಗಳ ನಡುವೆ ಗೇಣುದ್ದದ ಕಂಬಿ ತುಂಡು ಕೂರಿಸುತ್ತಾರೆ. ಹೀಗೆ ಇನ್ನೂರು ಚಿಲ್ಲರೆ ಹಲಗೆಗಳ ಸಾಲು ಗೋಡೌನಿನೊಳಗೆ ಹಾವಿನ ಹಾಗೆ ಸುತ್ತಿ, ಕೊನೆಗೆ ತನ್ನ ಬಾಲವನ್ನೇ ಮುಟ್ಟುತ್ತದೆ. ಅದರ ಮೇಲೆ ಗೇಣುದ್ದದ ಇಂಜಿನ್ನು ಏಳು ಡಬ್ಬಿ ಎಳೆದುಕೊಂಡು ಮೂರು ದಿನವೂ ಸುತ್ತುತ್ತದೆ. ಇದಕ್ಕೇ ಜೋಡಣೆ ಎನ್ನುವುದು; ಹಲಗೆ ಇಲ್ಲದವರು ಸುತ್ತ ಕಟ್ಟಿದ ಹಗ್ಗದ ಆಚೆ ನಿಂತು ನೋಡಬೇಕು.

ಹಲಗೆ ಕೂಡಿದವರೇ ಇಲ್ಲಿ ನೆರೆಯವರು. ಮನೆ ಯಾವ ಬೀದಿಯಲ್ಲಿದೆ ಎಂಬುದು ಮುಖ್ಯವಲ್ಲ. ಜ್ವರ ಬಂದರೆ ಗಂಜಿ ತರುವವರು, ಬಾಣಂತಿಗೆ ನೀರು ಕಾಯಿಸುವವರು, ಸತ್ತರೆ ಹೆಗಲು ಕೊಡುವವರು ಎಲ್ಲ ಎಡ ಹಲಗೆಯವರು, ಬಲ ಹಲಗೆಯವರು. ನಾಲ್ಕು ಬೀದಿ ಆಚೆಯಿಂದ ಗಂಜಿ ಪಾತ್ರೆ ಹಿಡಿದು ಬರುವವರನ್ನು ನೀವು ಇಲ್ಲಿ ಯಾವಾಗಲೂ ನೋಡಬಹುದು. ಒಂದೇ ಗೋಡೆ ಹಂಚಿಕೊಂಡ ಮನೆಯವರು ಎದುರಾದರೆ ನಕ್ಕು ಮುಂದೆ ಹೋಗುತ್ತಾರೆ. ಅದು ಕಲ್ಲು ಮನಸ್ಸಲ್ಲ. ಅವರವರಿಗೆ ಅವರವರ ಹಲಗೆಯವರು ಇದ್ದಾರೆ, ನಾವು ನಡುವೆ ಕೈ ಹಾಕಿದರೆ ಅವರಿಗೆ ಅವಮಾನ ಎಂಬ ಮರ್ಯಾದೆ.

ನಾನು ಊರ ಹೊರಗಿನ ತೂಕದ ಕಟ್ಟೆಯಲ್ಲಿ ಲಾರಿಗಳ ತೂಕ ನೋಡಿ ಚೀಟಿ ಬರೆಯುವ ಕೆಲಸಕ್ಕೆ ಬಂದವಳು. ನಲವತ್ತು ದಾಟಿತ್ತು, ಹಿಂದೆ ಮುಂದೆ ಯಾರೂ ಇರಲಿಲ್ಲ. ಒಂದು ಕೋಣೆ, ಒಂದು ಬಚ್ಚಲಿನ ಬಾಡಿಗೆ ಮನೆ. ನಾಲ್ಕನೆಯ ವರ್ಷ ನನಗೆ ಕಾಮಾಲೆ ಆಯಿತು. ಹನ್ನೊಂದು ದಿನ ಚಾಪೆ ಬಿಟ್ಟು ಏಳಲಿಲ್ಲ. ಯಾರೂ ಬರಲಿಲ್ಲ. ಹನ್ನೆರಡನೆಯ ದಿನ ಗೋಡೆ ಹಿಡಿದು ಹೊರಗೆ ಬಂದಾಗ ಪಕ್ಕದ ಮನೆ ನೀಲಮ್ಮ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದರು. ಬಹಳ ಇಳಿದು ಹೋಗಿದ್ದೀರಿ, ಹಲಗೆಯವರು ಚೆನ್ನಾಗಿ ನೋಡಿಕೊಂಡರು ತಾನೆ ಎಂದು ವಿಚಾರಿಸಿದರು. ಹೂಂ ಎಂದೆ. ನನಗೆ ಹಲಗೆ ಇಲ್ಲ ಎಂದರೆ ಅವರಿಗೆ ಏನು ಮಾಡಲು ತೋಚುತ್ತಿರಲಿಲ್ಲ, ಸುಮ್ಮನೆ ಸಂಕಟಪಡುತ್ತಿದ್ದರು.

ಆಮೇಲೆ ಎರಡು ವರ್ಷ ಕೂತು ಹಲಗೆ ಮಾಡಿದೆ. ಬಡಗಿ ಕಾಲು ಕೂರಿಸಿಕೊಟ್ಟ, ಉಳಿದದ್ದೆಲ್ಲ ನನ್ನ ಕೈಯದೇ. ನನಗೆ ಗೊತ್ತಿದ್ದದ್ದು ತೂಕದ ಕಟ್ಟೆ ಒಂದೇ, ಆದ್ದರಿಂದ ಅದನ್ನೇ ಮಾಡಿದೆ. ಬೆಂಕಿಪೊಟ್ಟಣದ ಲಾರಿಗಳು, ತಗಡಿನ ತೂಕದ ಹಾಸು, ಕಿಟಕಿ ಇರುವ ಒಂದು ಗೂಡು, ಸುತ್ತ ಬಯಲು. ಬಯಲಿಗೆ ಏನು ಹಾಕಬೇಕೆಂದು ತಿಳಿಯದೆ ಮರಳು ಅಂಟಿಸಿದೆ.

ಜೋಡಣೆಯ ಮೊದಲ ದಿನ ಬೆಳಿಗ್ಗೆ ಬಾಡಿಗೆ ತಳ್ಳುಗಾಡಿಯಲ್ಲಿ ಹಲಗೆ ತಂದು ಗೋಡೌನಿನ ಬಾಗಿಲಲ್ಲಿ ನಿಲ್ಲಿಸಿ, ಸಮಿತಿಯ ಕಾರ್ಯದರ್ಶಿ ಫಕ್ರುದ್ದೀನ್ ಸಾಹೇಬರನ್ನು ಕಂಡೆ. ಅವರು ಬಗ್ಗಿ ಕಂಬಿಗೆ ಅಳತೆ ಕೋಲು ಹಿಡಿದು, ಒಂಬತ್ತು ಬೆರಳು ಸರಿಯಾಗಿದೆ ಎಂದು ತಲೆಯಾಡಿಸಿದರು. ಜಾಗದ ಚಿಂತೆ ಬೇಡ, ಹಾವು ಸ್ವಲ್ಪ ಹೊಟ್ಟೆ ಉಬ್ಬಿಸಿದರೆ ಒಂದು ಹಲಗೆ ಹಿಡಿಯುತ್ತದೆ ಎಂದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ ಹೇಳಿದರು:

“ಆದ್ರೆ ನೋಡಿ ವಾರಿಜಮ್ಮ, ನಿಮ್ಮನ್ನ ಸೇರಿಸ್ಬೇಕು ಅಂದ್ರೆ ಕೂಡಿರೋರು ಇಬ್ರು ಬಿಡಬೇಕು. ಅವರಿಬ್ರೂ ಒಪ್ಪಿ ಬಂದು ನನ್ ಮುಂದೆ ಹೇಳ್ಬೇಕು. ನಾನಾಗಿ ಯಾರನ್ನೂ ಬಿಡಿಸೋ ಹಾಗಿಲ್ಲ.”

ಈ ಮಾತು ನಾನು ಅಷ್ಟರವರೆಗೆ ಯೋಚಿಸಿಯೇ ಇರಲಿಲ್ಲ. ಹಲಗೆ ಮಾಡಿದರೆ ಸೇರಿದ ಹಾಗೆ ಎಂದುಕೊಂಡಿದ್ದೆ. ಒಬ್ಬರು ಒಳಗೆ ಬರಬೇಕಾದರೆ ಇಬ್ಬರು ಪರಸ್ಪರರನ್ನು ಕಳೆದುಕೊಳ್ಳಬೇಕು ಎಂಬುದು ಕಣ್ಣೆದುರಿಗೇ ಇತ್ತು, ನನಗೆ ಕಂಡಿರಲಿಲ್ಲ.

ಅಂದು ಬೆಳಿಗ್ಗೆಯಿಂದ ಸಂಜೆಯವರೆಗೆ ಹಗ್ಗದ ಹೊರಗೆ ನಡೆಯುತ್ತ ಒಂದೊಂದು ಹಲಗೆಯ ಮುಂದೆ ನಿಂತೆ. ಹಿಂದಿನ ವರ್ಷಗಳಲ್ಲಿ ನೋಡಲು ನಿಲ್ಲುತ್ತಿದ್ದೆ, ಈ ಸಲ ಕೇಳಲು ನಿಂತೆ. ಬಳೆ ಅಂಗಡಿಯವರ ಹಲಗೆಯ ಮೇಲೆ ಒಡೆದ ಬಳೆ ಚೂರಿನಲ್ಲಿ ಮಾಡಿದ ಹೊಳೆ ಇತ್ತು. ರೈಲು ಸೇತುವೆ ಮೇಲೆ ಹೋಗುವಾಗ ಅದು ಮಿನುಗುತ್ತಿತ್ತು. ಅವರು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಪಾನಕ ಕೊಟ್ಟರು. ಕೇಳಿದ ತಕ್ಷಣ ಗಂಡ ಹೆಂಡತಿ ಇಬ್ಬರೂ ಎಡಕ್ಕೆ ತಿರುಗಿ, ಅಲ್ಲಿ ತಮ್ಮ ಕಂಬಿಗೆ ಎಣ್ಣೆ ಒರೆಸುತ್ತಿದ್ದ ಮುದುಕನನ್ನು ನೋಡಿದರು. ಅವನ ಅಪ್ಪ ನಮ್ಮ ಅತ್ತೆಗೆ ಹೆಗಲು ಕೊಟ್ಟವನು ಎಂದರು. ಬಲಕ್ಕೆ ಕೇಳೋಣವೆಂದರೆ ಬಲದವರ ಸೊಸೆಗೆ ಏಳು ತಿಂಗಳು. ಮುಂದಿನ ಹಲಗೆಯಲ್ಲಿ ಗಡಿಯಾರ ರಿಪೇರಿಯವನು ಇಡೀ ಒಂದು ಬೀದಿಯನ್ನು ಕಟ್ಟಿದ್ದ, ಕಿಟಕಿ ಕಿಟಕಿಗೂ ದೀಪ. ಅವನೂ ಬೇಸರದಿಂದಲೇ ಇಲ್ಲವೆಂದ. ಯಾರೂ ಮುಖ ತಿರುಗಿಸಲಿಲ್ಲ. ಕಡಲೆಮಿಠಾಯಿ, ಮಜ್ಜಿಗೆ, ಎಲೆಯಡಿಕೆ ಎಲ್ಲ ಕೊಟ್ಟರು. ಹೊಟ್ಟೆ ತುಂಬಿತು, ಜಾಗ ಸಿಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೇಳುವ ಮುಂಚೆಯೇ ಜನರಿಗೆ ಗೊತ್ತಾಗಿತ್ತು. ನಾನು ಹತ್ತಿರ ಬಂದಂತೆ ಕೂಡಿದ್ದವರು ಮಾತು ನಿಲ್ಲಿಸಿ ಇನ್ನಷ್ಟು ಹತ್ತಿರ ನಿಲ್ಲುತ್ತಿದ್ದರು.

ಸಂಜೆ ಐದಕ್ಕೆ ಹಾಲಮ್ಮನ ಹಲಗೆಯ ಮುಂದೆ ಬಂದೆ. ಎಪ್ಪತ್ತು ದಾಟಿದ ಒಂಟಿ ಹೆಂಗಸು, ಕಣ್ಣಿಗೆ ದಪ್ಪ ಕಪ್ಪು ಕನ್ನಡಕ. ಅವರ ಹಲಗೆಯ ಬಲ ತುದಿಯಲ್ಲಿ ಕಾಗದದ ಒಂದು ತೆಂಗಿನಮರ, ಅದರ ಗರಿಗಳನ್ನು ಒಂದು ಕಡೆ ನೀಟಾಗಿ ಕತ್ತರಿಸಲಾಗಿತ್ತು. ಬಲ ಹಲಗೆ ದೊರೆಸ್ವಾಮಿಯವರದು. ಬಸ್ ನಿಲ್ದಾಣದ ಹಿಂದಿನ ಟೈಲರ್, ಅರವತ್ತೈದು ಅರವತ್ತಾರರ ಒಣಕಲು ಆಸಾಮಿ. ಇಬ್ಬರೂ ಅಕ್ಕಪಕ್ಕದಲ್ಲೇ ಕೂತಿದ್ದರು, ಒಬ್ಬರು ಪೂರ್ವಕ್ಕೆ, ಇನ್ನೊಬ್ಬರು ಪಶ್ಚಿಮಕ್ಕೆ ಮುಖ ಮಾಡಿ.

ಆ ಕಥೆ ಊರಿಗೆಲ್ಲ ಗೊತ್ತಿತ್ತು. ಮರ ಮಾಡಿದವರು ಹಾಲಮ್ಮನ ಗಂಡ. ಅವರು ತೀರಿಕೊಂಡ ಮರುವರ್ಷ ಗರಿ ಬಾಗಿ ದೊರೆಸ್ವಾಮಿಯವರ ಕಡೆ ಬಂದು, ಡಬ್ಬಿಗಳ ತಲೆಗೆ ತಾಗಿ ರೈಲು ಎರಡು ಸಲ ಉರುಳಿತು. ದೊರೆಸ್ವಾಮಿ ಕೇಳದೆ ಹೇಳದೆ ಕತ್ತರಿ ತೆಗೆದು ಗರಿ ಕತ್ತರಿಸಿಬಿಟ್ಟರು. ಅಂದಿನಿಂದ ಒಂಬತ್ತು ವರ್ಷ ಮಾತಿಲ್ಲ. ಹಾಗೆಂದು ನೆರೆಯ ಕೆಲಸ ನಿಂತಿರಲಿಲ್ಲ. ಹಾಲಮ್ಮ ಅವರ ಬಾಗಿಲಲ್ಲಿ ಸಾರಿನ ಪಾತ್ರೆ ಇಟ್ಟು ಬರುತ್ತಿದ್ದರು. ಹಾಲಮ್ಮನ ಕಣ್ಣಿನ ಆಪರೇಷನ್ ಆದಾಗ ದೊರೆಸ್ವಾಮಿ ಎರಡು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದು, ಆಯಮ್ಮನಿಗೆ ಊಟ ಮಾಡಲು ಹೇಳಿ ಎಂದು ನರ್ಸಿನ ಕೈಲಿ ಹೇಳಿಸಿದ್ದರಂತೆ.

ನಾನು ಕೇಳಿದ್ದಕ್ಕೆ ಹಾಲಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. ಧಾರಾಳವಾಗಿ ಬಾ, ನನಗೂ ಮಾತಾಡುವವರು ಒಬ್ಬರು ಸಿಕ್ಕ ಹಾಗಾಯಿತು ಎಂದರು. ಪಶ್ಚಿಮಕ್ಕೆ ಮುಖ ಮಾಡಿದ್ದ ದೊರೆಸ್ವಾಮಿ ಅತ್ತ ನೋಡಿಕೊಂಡೇ, ತಮ್ಮದೂ ಅಡ್ಡಿಯಿಲ್ಲ ಎಂದು ನನಗೆ ಹೇಳಿದರು. ಸಾಹೇಬರು ಇಬ್ಬರನ್ನೂ ಎರಡೆರಡು ಸಲ ಕೇಳಿದರು. ಮೂರನೆಯ ದಿನ ಸಂಜೆ ಜೋಡಣೆ ಪುಸ್ತಕದಲ್ಲಿ ಎಡ ಬಲ ಬರೆಯುವವರೆಗೂ ಮನಸ್ಸು ಬದಲಿಸಬಹುದು, ಬರೆದ ಮೇಲೆ ಇಲ್ಲ ಎಂದು ಎಚ್ಚರಿಸಿದರು. ಆಮೇಲೆ ರೈಲು ನಿಲ್ಲಿಸಿ, ಆ ಸಾಲಿನವರೆಲ್ಲ ಅತ್ತಿತ್ತ ಸರಿದು ಜಾಗ ಮಾಡಿದರು. ನನ್ನ ಹಲಗೆ ಹಗ್ಗದ ಒಳಗೆ ಬಂತು. ನಾನೂ ಬಂದೆ.

ಎರಡನೆಯ ದಿನದಂಥ ದಿನ ನನ್ನ ಬದುಕಿನಲ್ಲಿ ಅದಕ್ಕೆ ಮೊದಲು ಬಂದಿರಲಿಲ್ಲ. ರೈಲು ತೆಂಗಿನಮರದ ಕೆಳಗಿನಿಂದ ಬಂದು ನನ್ನ ಮರಳು ಬಯಲನ್ನು ದಾಟಿ, ತೂಕದ ಕಟ್ಟೆಯ ಪಕ್ಕದಲ್ಲಿ ಹಾದು ದೊರೆಸ್ವಾಮಿಯವರ ಹತ್ತಿ ಹೊಲಕ್ಕೆ ಹೋಗುತ್ತಿತ್ತು. ಪ್ರತಿ ಸಲವೂ ನನಗೆ ಎದ್ದು ನಿಲ್ಲಬೇಕೆನಿಸುತ್ತಿತ್ತು. ಹಾಲಮ್ಮ ಹಸಿರು ಬಣ್ಣ ಕಟ್ಟಿದ ಗರಗಸದ ಹೊಟ್ಟು ತಂದು, ಇಷ್ಟು ಬೋಳಾಗಿ ಬಿಡಬಾರದು ಎಂದು ನನ್ನ ಬಯಲಿಗೆ ಉದುರಿಸಿದರು. ದೊರೆಸ್ವಾಮಿ ಊಟಕ್ಕೆ ಹೋದವರು ಬರುವಾಗ ಹೆಬ್ಬೆರಳಿನಷ್ಟಗಲದ ಪಟ್ಟೆಪಟ್ಟೆ ಬಟ್ಟೆಯ ಬಿಸಿಲುಮರೆ ಹೊಲಿದು ತಂದು ನನ್ನ ಗೂಡಿನ ಕಿಟಕಿಗೆ ಕಟ್ಟಿದರು. ಎಡಗಡೆಯಿಂದ ಉಪ್ಪಿಟ್ಟು ಬಂತು, ಬಲಗಡೆಯಿಂದ ಚಕ್ಕುಲಿ ಬಂತು. ಊಟ ಆಯಿತಾ ಎಂದು ಎರಡೂ ಕಡೆಯಿಂದ ಕೇಳಿದರು. ನಾನು ಎರಡು ಸಲ ಉಂಡೆ.

ಆದರೆ ಮಧ್ಯಾಹ್ನ ಹಾಲಮ್ಮ ದನಿ ತಗ್ಗಿಸಿ, ಅವನ ಕೆಮ್ಮು ಬೆಳಿಗ್ಗೆಯಿಂದ ಕೇಳುತ್ತಿದೆಯಲ್ಲ, ಕಷಾಯ ಕುಡಿದನಾ ಕೇಳು ಎಂದರು. ಕೇಳಿದೆ. ಕುಡಿದಿದ್ದೇನೆ ಎಂದರು ದೊರೆಸ್ವಾಮಿ. ಸ್ವಲ್ಪ ಹೊತ್ತಿಗೆ ಅವರು ಸೂಜಿಗೆ ದಾರ ಪೋಣಿಸುತ್ತ, ಆಯಮ್ಮ ಫ್ಯಾನಿನ ಗಾಳಿಗೆ ಕಣ್ಣು ಕೊಟ್ಟುಕೊಂಡು ಕೂತಿದ್ದಾಳೆ, ಆ ಕಡೆ ಕೂರಲು ಹೇಳಿ ಎಂದರು. ಹೇಳಿದೆ. ಹೀಗೆ ಸಂಜೆಯವರೆಗೆ ಎಷ್ಟು ಸಲ ಹೇಳಿದೆನೋ. ಮೊದಲು ನಗು ಬಂತು, ಆಮೇಲೆ ಬರಲಿಲ್ಲ. ಒಂಬತ್ತು ವರ್ಷ ಮಾತಿಲ್ಲದೆ ನಡೆದದ್ದು ಈಗ ನನ್ನ ಬಾಯಿಂದ ನಡೆಯಬೇಕಾಗಿತ್ತು.

ಹೊರಡುವಾಗ ಹಾಲಮ್ಮ, ನಾಳೆ ಬೆಳಿಗ್ಗೆ ನನ್ನ ಕಣ್ಣಿಗೆ ಔಷಧಿ ಬಿಡಲು ನೀನೇ ಬರಬೇಕು, ಇನ್ನು ಅವನು ಬರುವ ಹಾಗಿಲ್ಲವಲ್ಲ ಎಂದರು. ಆಪರೇಷನ್ ಆದಾಗಿನಿಂದ ದಿನಾ ಬೆಳಿಗ್ಗೆ ಏಳಕ್ಕೆ ದೊರೆಸ್ವಾಮಿ ಬಂದು, ಮಾತಿಲ್ಲದೆ ಎರಡೆರಡು ಹನಿ ಬಿಟ್ಟು ಹೋಗುತ್ತಿದ್ದರೆಂದು ನನಗೆ ತಿಳಿದದ್ದೇ ಆಗ.

ಮೂರನೆಯ ದಿನ ಬೆಳಿಗ್ಗೆ ಹೋದೆ. ಹಾಲಮ್ಮ ಬಾಗಿಲ ಎದುರಿನ ಕುರ್ಚಿಯಲ್ಲಿ ಸಿದ್ಧವಾಗಿ ಕೂತಿದ್ದರು. ನಾನು ಎಡಗಣ್ಣಿನ ರೆಪ್ಪೆ ಹಿಡಿದೆ. ಅವರು ತಲೆ ಹಿಂದಕ್ಕೆ ಎಳೆದುಕೊಂಡರು. “ಅವನು ಬಲಗಣ್ಣಿಂದ ಶುರು ಮಾಡೋದು,” ಎಂದರು. ಬಲಗಣ್ಣು ಹಿಡಿದೆ. ಗುರಿ ತಪ್ಪಿ ಹನಿ ಕೆನ್ನೆಗೆ ಬಿತ್ತು. ಪರವಾಗಿಲ್ಲ, ಅಭ್ಯಾಸ ಆಗುತ್ತದೆ ಎಂದು ಸೆರಗಿನಿಂದ ಒರೆಸಿಕೊಂಡರು. ಹನಿ ಬಿಟ್ಟ ಮೇಲೂ ಕಣ್ಣು ಮುಚ್ಚಿ ಕೂತೇ ಇದ್ದರು. ದೊರೆಸ್ವಾಮಿ ಅಷ್ಟು ಹೊತ್ತು ಬಾಗಿಲಲ್ಲಿ ನಿಂತಿದ್ದು, ಅವರು ಕಣ್ಣು ಬಿಟ್ಟ ಮೇಲೆ ಹೋಗುತ್ತಿದ್ದರಂತೆ.

ಬೀದಿ ತಿರುವಿಗೆ ಬಂದಾಗ ದೊರೆಸ್ವಾಮಿ ಅಲ್ಲಿ ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ. ಕಾಲಿಗೆ ಅಭ್ಯಾಸ, ಇಲ್ಲಿವರೆಗೆ ಬಂದ ಮೇಲೆ ನೆನಪಾಯಿತು ಎಂದರು. ಔಷಧಿ ಸೀಸೆಯನ್ನು ಚೆನ್ನಾಗಿ ಅಲ್ಲಾಡಿಸಿ ಬಿಟ್ಟಿರಾ ಎಂದು ಕೇಳಿದರು. ಅಲ್ಲಾಡಿಸಿರಲಿಲ್ಲ. ಅಲ್ಲಾಡಿಸಿದೆ ಎಂದೆ.

ಅಂದು ಗೋಡೌನಿನಲ್ಲಿ ಯಾರೂ ನನ್ನ ಕೈಲಿ ಏನನ್ನೂ ಹೇಳಿ ಕಳಿಸಲಿಲ್ಲ. ಇಬ್ಬರೂ ನನ್ನ ಹಲಗೆಯ ಮೇಲಿಂದ ಹಾದು ಹೋಗುವ ರೈಲನ್ನು ನೋಡುತ್ತಿದ್ದರು. ನೋಡುತ್ತ ನೋಡುತ್ತ ಇಬ್ಬರ ಕಣ್ಣೂ ಒಂದೇ ಕಡೆ ಬಂದಾಗ ಬೇರೆ ಕಡೆ ತಿರುಗುತ್ತಿದ್ದರು. ಊಟದ ಬಿಡುವಿನಲ್ಲಿ ನಾನು ಕೈ ತೊಳೆದು ಬಂದಾಗ ದೊರೆಸ್ವಾಮಿ ತಮ್ಮ ಸ್ಟೂಲಿನಲ್ಲಿ ಇರಲಿಲ್ಲ. ಹಲಗೆಗಳ ಹಿಂದಿನಿಂದ ಸುತ್ತಿ ಹೋಗಿ ಹಾಲಮ್ಮನ ಪಕ್ಕ ನಿಂತಿದ್ದರು. ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ. ಹಾಲಮ್ಮ ಕನ್ನಡಕ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಸುತ್ತಲಿನ ಹತ್ತು ಹಲಗೆಗಳವರು ತಮ್ಮ ತಮ್ಮ ಗುಡ್ಡ ಬೆಟ್ಟಗಳನ್ನು ನೋಡುವವರ ಹಾಗೆ ನಟಿಸುತ್ತಿದ್ದರು.

ಆಮೇಲೆ ಇಬ್ಬರೂ ಒಟ್ಟಿಗೆ ನನ್ನ ಹತ್ತಿರ ಬಂದರು. ಅವರು ಬಾಯಿ ತೆರೆಯುವ ಮುಂಚೆಯೇ ನನಗೆ ಗೊತ್ತಾಯಿತು.

“ನಿಮ್ಮದೇನೂ ತಪ್ಪಿಲ್ಲ ವಾರಿಜಮ್ಮ,” ಎಂದರು ದೊರೆಸ್ವಾಮಿ. ತಾವೇ ಕಟ್ಟಿದ್ದ ಪಟ್ಟೆ ಬಟ್ಟೆಯ ಬಿಸಿಲುಮರೆಯನ್ನು ಬೆರಳಿನಿಂದ ಸರಿಮಾಡಿದರು.

ಹಾಲಮ್ಮ ನನ್ನ ಕೈ ಹಿಡಿದುಕೊಂಡರು. “ಜಗಳ ಆಡ್ಕೊಂಡಿರೋಕಾದ್ರೂ ಅವನು ಪಕ್ಕದಾಗೇ ಇರ್ಬೇಕು ಕಣವ್ವ. ನಿನ್ನೆ ತನಕ ನಂಗೆ ಅದು ತಿಳೀಲಿಲ್ಲ. ನೀನು ಬಂದ್ಮೇಲೆ ತಿಳೀತು. ನಿಂಗೆ ಏನು ಹೇಳ್ಲಿ ನಾನು?”

ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು, ಬರಲಿಲ್ಲ. ಬೆಳಿಗ್ಗೆ ಆ ತಿರುವಿನಲ್ಲಿ ಬಾಚಿದ ತಲೆಯನ್ನು ನೋಡಿದವಳಿಗೆ ಸಿಟ್ಟು ಎಲ್ಲಿಂದ ಬರಬೇಕು? ಫಕ್ರುದ್ದೀನ್ ಸಾಹೇಬರು ಬಂದು ಸಾಲಿನ ಉದ್ದಕ್ಕೂ ಒಮ್ಮೆ ನೋಡಿದರು, ಬೇರೆ ಯಾರಾದರೂ ಕೈ ಎತ್ತುತ್ತಾರೋ ಎಂದು. ಯಾರೂ ಎತ್ತಲಿಲ್ಲ. ಎಲ್ಲರೂ ತಲೆ ತಗ್ಗಿಸಿದ್ದರು.

ಬೋಲ್ಟುಗಳನ್ನು ನಾನೇ ಬಿಚ್ಚಿದೆ. ಹಲಗೆಯನ್ನು ಸಮಿತಿಯ ಇಬ್ಬರು ಹುಡುಗರು ಹೊರಗೆ ಸಾಗಿಸಿ ತಳ್ಳುಗಾಡಿಯ ಮೇಲೆ ಇಟ್ಟರು. ನಾಲ್ಕು ಅಡಿ ಕಂಡಿ ಬಿತ್ತು. ಆ ಸಾಲಿನವರು ಮತ್ತೆ ಸರಿಯತೊಡಗಿದರು. ಹಾಲಮ್ಮನ ಹಲಗೆ ಮಾತ್ರ ಅಲುಗಲಿಲ್ಲ. ಅದರ ಒಂದು ಕಾಲು ನೆಲದ ಬಿರುಕಿನಲ್ಲಿ ಸಿಕ್ಕಿಕೊಂಡಿತ್ತು. ಹಾಲಮ್ಮ ತಳ್ಳಿದರು, ದೊರೆಸ್ವಾಮಿ ಎಳೆದರು, ಆಗಲಿಲ್ಲ. ನಾನು ಬಗ್ಗಿ ಹೆಗಲು ಕೊಟ್ಟು ಕಾಲನ್ನು ಬಿರುಕಿನಿಂದ ಎತ್ತಿ ತಳ್ಳಿದೆ. ಕಂಬಿಗೆ ಕಂಬಿ ಎದುರಾಗುವವರೆಗೆ ತಳ್ಳಿ, ಸಾಹೇಬರು ಕಂಬಿ ತುಂಡು ಕೂರಿಸುವವರೆಗೆ ಹಿಡಿದುಕೊಂಡೆ. ತುಂಡು ಟಕ್ಕೆಂದು ಕೂತಿತು. ಅಷ್ಟು ಸರಿಯಾಗಿ ನನ್ನ ಹಲಗೆಗೆ ಅದು ಕೂತಿರಲಿಲ್ಲ. ರೈಲು ಹೊರಟಿತು. ಅದು ದಾಟುವುದನ್ನು ನಾನು ಹಗ್ಗದ ಹೊರಗೆ ಬಂದು ನೋಡಿದೆ.

ಗಾಡಿಯವನು ಒಳಗೆ ಜೋಡಣೆ ನೋಡುತ್ತಿದ್ದ. ನಾನೇ ಗಾಡಿ ತಳ್ಳಿಕೊಂಡು ಹೊರಟೆ. ಮಧ್ಯಾಹ್ನ ಮೂರು ಗಂಟೆ. ಊರೆಲ್ಲ ಗೋಡೌನಿನಲ್ಲಿತ್ತು. ಅಂಗಡಿಗಳಿಗೆ ಬೀಗ, ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಗಾಡಿಯ ಚಕ್ರದ ಸದ್ದು ಎರಡೂ ಕಡೆಯ ಗೋಡೆಗಳಿಗೆ ಬಡಿದು ವಾಪಸ್ಸು ಬರುತ್ತಿತ್ತು. ಮನೆ ಮುಂದೆ ಬಂದ ಮೇಲೆ ಹಲಗೆ ಇಳಿಸುವುದು ಒಬ್ಬಳ ಕೈಲಿ ಆಗದೆ ಮೆಟ್ಟಿಲ ಮೇಲೆ ಕೂತೆ.

ಸಂಜೆ ಜನ ಬಂದರು. ನಮ್ಮ ಬೀದಿಯ ಎಲ್ಲರೂ ಗಾಡಿಯ ಹತ್ತಿರ ನಿಂತು ನನ್ನ ಹಲಗೆಯನ್ನು ನೋಡಿ ಹೋದರು. ಲಾರಿ ಚೆನ್ನಾಗಿದೆ ಎಂದರು. ಹುಲ್ಲು ನಿಜವಾದ ಹುಲ್ಲಿನ ಹಾಗೇ ಇದೆ ಎಂದರು. ಯಾರೂ ಎರಡು ಮೊಳಕ್ಕಿಂತ ಹತ್ತಿರ ಬರಲಿಲ್ಲ. ಹಗ್ಗ ಕಟ್ಟಿರಲಿಲ್ಲ, ಆದರೂ ಅದರ ಆಚೆಯೇ ನಿಂತರು.

ಕೊನೆಗೆ ಬಂದದ್ದು ನೀಲಮ್ಮ. ಒಳಗೆ ಇಡುವುದಿಲ್ಲವೇ ಎಂದು ಕೇಳಿದರು. ಒಬ್ಬಳಿಗೆ ಆಗುತ್ತಿಲ್ಲ ಎಂದೆ. ಬೀದಿಯ ಎರಡೂ ಕಡೆ ನೋಡಿದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಇನ್ನೊಂದು ತುದಿ ಹಿಡಿದರು. ಓರೆ ಮಾಡಿ, ಉದ್ದ ಮಾಡಿ, ಹೇಗೋ ಬಾಗಿಲು ದಾಟಿಸಿದೆವು. ಆರು ವರ್ಷದಲ್ಲಿ ಅವರು ನನ್ನ ಕೋಣೆ ನೋಡಿದ್ದು ಅದೇ ಮೊದಲು. ಚಾಪೆ, ಸ್ಟೌ, ತಟ್ಟೆ ನೋಡಿದರು. ಗೋಡೆಯನ್ನು ಅಂಗೈಯಿಂದ ತಟ್ಟಿ ನೋಡಿ ಕೇಳಿದರು:

“ಈ ಗೋಡೆ ಆಚೇನೇ ನಮ್ಮ ಅಡುಗೆಮನೆ. ನಾವು ಕಾರ ಕುಟ್ಟೋದು ನಿಮಗೆ ಕೇಳತ್ತಾ?”

“ಕೇಳತ್ತೆ,” ಎಂದೆ.

ಅವರು ತಲೆಯಾಡಿಸಿ ಹೋದರು.

ಮರುದಿನ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದು ತಟ್ಟೆಗೆ ಅನ್ನ ಹಾಕಿಕೊಂಡು ಕೂತೆ. ಏನೋ ಕಡಿಮೆಯಾಗಿತ್ತು. ಎರಡು ತುತ್ತು ತಿಂದ ಮೇಲೆ ಗೊತ್ತಾಯಿತು, ಗೋಡೆ ಮೌನವಾಗಿತ್ತು. ಒರಳಿನ ಸದ್ದಿಲ್ಲ, ಒಗ್ಗರಣೆಯ ಚಟಪಟವಿಲ್ಲ. ದೂರದಲ್ಲಿ, ಆ ಮನೆಯ ಇನ್ನೊಂದು ಕೊನೆಯಲ್ಲಿ, ಮೆತ್ತಗೆ ಏನೋ ಕುಟ್ಟುತ್ತಿದ್ದರು. ನನಗೆ ತೊಂದರೆಯಾಗಬಾರದೆಂದು ಒರಳನ್ನೂ ಒಲೆಯನ್ನೂ ಆ ಕಡೆಗೆ ಸಾಗಿಸಿದ್ದರು. ಆರು ವರ್ಷ ನಾನು ಒಬ್ಬಳೇ ಉಂಡೆ ಎಂದರೆ ಪೂರ್ತಿ ನಿಜವಾಗುವುದಿಲ್ಲ. ಅವರ ಒರಳು ಕುಟ್ಟುವ ಹೊತ್ತಿಗೆ ನಾನು ಸ್ಟೌ ಹಚ್ಚುತ್ತಿದ್ದೆ, ಅವರ ಒಗ್ಗರಣೆ ಸಿಡಿಯುವ ಹೊತ್ತಿಗೆ ತಟ್ಟೆ ಇಡುತ್ತಿದ್ದೆ. ಅದನ್ನು ಯಾರಿಗೂ ಹೇಳಿರಲಿಲ್ಲ. ನನಗೇ ಆವತ್ತು ತಿಳಿದದ್ದು.

ತಟ್ಟೆ ಮುಚ್ಚಿಟ್ಟು, ಕೈ ತೊಳೆದು ಅವರ ಬಾಗಿಲಿಗೆ ಹೋಗಿ ನಿಂತೆ. ನೀಲಮ್ಮ ಗಾಬರಿಯಿಂದ ಹೊರಗೆ ಬಂದರು.

“ಒರಳು ಮೊದಲಿದ್ದ ಕಡೆನೇ ಇಡಿ ನೀಲಮ್ಮನೋರೆ,” ಎಂದೆ.

ತೊಂದರೆಯಾಗುತ್ತಿತ್ತಲ್ಲ, ಇಷ್ಟು ವರ್ಷ ನೀವು ಹೇಳಬಾರದಿತ್ತೇ ಎಂದರು ಅವರು.

“ತೊಂದರೆ ಇರಲಿಲ್ಲ. ನಾನು ಅದನ್ನ ಕೇಳ್ಕೊಂಡೇ ಉಣ್ತಿದ್ದೆ.”

ಎಡಕ್ಕೂ ಸೇರದ ಬಲಕ್ಕೂ ಸೇರದ ಇಂಥ ಮಾತಿಗೆ ಏನು ಉತ್ತರ ಕೊಡಬೇಕೆಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಮನೆಯವರನ್ನು ಕೇಳಿ ನೋಡುತ್ತೇನೆ ಎಂದು ಒಳಗೆ ಹೋದರು. ನಾನು ತೂಕದ ಕಟ್ಟೆಗೆ ಹೋಗಿ ಸಂಜೆಯವರೆಗೆ ಚೀಟಿ ಬರೆದೆ. ಎರಡು ಚೀಟಿ ತಪ್ಪಾದವು.

ಸಂಜೆ ಮನೆಗೆ ಬಂದು ಅಕ್ಕಿ ತೊಳೆಯುತ್ತಿದ್ದಾಗ ಗೋಡೆಯ ಆಚೆ ಭಾರವಾದದ್ದನ್ನು ನೆಲದ ಮೇಲೆ ಎಳೆಯುವ ಸದ್ದು ಕೇಳಿಸಿತು. ಕೈ ನೀರಿನಲ್ಲೇ ಇಟ್ಟುಕೊಂಡು ನಿಂತೆ. ಸದ್ದು ನಿಂತಿತು. ಆಮೇಲೆ ಗೋಡೆಗೆ ತಾಗಿಯೇ ಒಂದು ಸಲ ಕುಟ್ಟಿದರು. ತಡೆದು, ಕೇಳುತ್ತದೆಯೇ ಎಂದು ನೋಡುವವರ ಹಾಗೆ, ಇನ್ನೊಂದು ಸಲ. ನಾನು ಸ್ಟೌ ಹಚ್ಚಿದೆ.